ಹದಿಮೂರು ದಿನ ಕಳೆದ ಮೇಲೆ

ಎಲ್ಲರಿಗೂ ನಮಸ್ಕಾರ. ಹತ್ತಿರದವರು ತೀರಿಕೊಂಡ ಮೇಲಿನ ದುಃಖ, ಒಂಟಿತನದ ಬಗ್ಗೆ ಮಾತಾಡೋಕೆ ನಾನೇನು ಡಾಕ್ಟರಲ್ಲ, ರಿಟೈರ್ ಆದ ಮೇಷ್ಟ್ರು. ಮೂರು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡೆ. ಅಷ್ಟೇ ನನ್ನ ಅರ್ಹತೆ.

ವೈಕುಂಠ ಸಮಾರಾಧನೆವರೆಗೂ ಮನೆ ತುಂಬಾ ಜನ. ಅಳೋಕೂ ಪುರುಸೊತ್ತಿರಲಿಲ್ಲ. ಶಾಮಿಯಾನದವರ ಲೆಕ್ಕ, ಅಡುಗೆಯವರ ಲೆಕ್ಕ, ಯಾರಿಗೆ ಊಟ ಆಯ್ತು ಯಾರಿಗಿಲ್ಲ ಅನ್ನೋ ಲೆಕ್ಕ. ಹದಿನಾಲ್ಕನೇ ದಿನ ಮಗಳು ಚಿಕ್ಕಬಳ್ಳಾಪುರದಿಂದ ಬೆಂಗಳೂರು ಬಸ್ಸು ಹತ್ತಿದಳು. ಸಂಜೆ ಎರಡು ಲೋಟಕ್ಕೆ ಕಾಫಿ ಬೆರೆಸಿಬಿಟ್ಟಿದ್ದೆ. ನನಗೆ ದುಃಖ ಶುರುವಾಗಿದ್ದು ಅವತ್ತು. ಅದಕ್ಕೇ ಹೇಳೋದು, ಸಾವಿನ ಮನೆಗೆ ಮೂರನೇ ದಿನ ಬರದಿದ್ದರೂ ಪರವಾಗಿಲ್ಲ, ಹದಿನಾಲ್ಕನೇ ದಿನ ಬನ್ನಿ. ‘ಧೈರ್ಯ ತಂದ್ಕೊಳ್ಳಿ’ ಅನ್ನಬೇಡಿ. ಎಲ್ಲಿಂದ ತರೋದು? ಹೋದವರ ಹೆಸರು ಹಿಡಿದು ನಾಲ್ಕು ಮಾತಾಡಿ, ಸಾಕು.

ಶಿಡ್ಲಘಟ್ಟದ ಕಡೆ ನನಗೊಬ್ಬ ಸ್ನೇಹಿತ, ರೇಷ್ಮೆ ಬೆಳೆಗಾರ. ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು; ಆಗಲೇ ಅವನ ಹೆಂಡತಿ ತೀರಿಕೊಂಡಳು. ಹುಳು ಜಾಸ್ತಿ ತಿನ್ನೋದೇ ಆಗ. ಅದಕ್ಕೆ ಸೂತಕ ಗೊತ್ತಾ? ಮಾರನೇ ದಿನ ಬೆಳಗ್ಗೆಯೇ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಹೋದ. ಊರವರು ಕಲ್ಲು ಮನಸ್ಸು ಅಂದರು. ‘ತೋಟದಲ್ಲಿ ಅಳು ಬರಲಿಲ್ಲ ಕಣೋ. ಹಣ್ಣಾದ ಹುಳುನ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡುವಾಗ ಪಕ್ಕದಲ್ಲಿ ಅವಳ ಕೈ ಇಲ್ಲ. ಅಲ್ಲೇ ಕೂತುಬಿಟ್ಟೆ’ ಅಂದ. ಸ್ಟ್ರೋಬ್ ಮತ್ತು ಸ್ಕುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ. ಮನಸ್ಸು ಒಮ್ಮೆ ಅಗಲಿಕೆಯ ಕಡೆ, ಒಮ್ಮೆ ಬದುಕಿನ ಕಡೆ ಉಯ್ಯಾಲೆ ಆಡುತ್ತೆ. ಎರಡೂ ಬೇಕು. ನಕ್ಕರೆ ತಪ್ಪಲ್ಲ, ಮೂರು ವರ್ಷ ಆದ ಮೇಲೆ ಅತ್ತರೂ ತಪ್ಪಲ್ಲ.

ಗಂಡಸರ ಒಂಟಿತನ ಅಡುಗೆಮನೆಯಲ್ಲಿ ಶುರು. 64ನೇ ವಯಸ್ಸಿಗೆ ನನಗೆ ಸಾಸಿವೆ ಡಬ್ಬ ಯಾವುದು ಅಂತಲೂ ಗೊತ್ತಿರಲಿಲ್ಲ. ನಾಚಿಕೆಗೇಡು. ಹೆಂಗಸರ ಕಥೆ ಇನ್ನೂ ಕಷ್ಟ. ಕುಂಕುಮ ಅಳಿಸಿ, ಬಳೆ ಒಡೆದು, ಆಮೇಲೆ ಆರತಿ ತಟ್ಟೆ ಮುಟ್ಟೋಕೂ ಬಿಡಲ್ಲ. ಸ್ವಂತ ಮಗಳ ಮದುವೆಯಲ್ಲಿ ತಾಯಿ ಕಂಬದ ಹಿಂದೆ ನಿಂತಿದ್ದನ್ನು ನೋಡಿದ್ದೇನೆ. ಸಾವು ತಂದ ಒಂಟಿತನ ಅಲ್ಲ ಅದು, ನಾವು ಹೊರಿಸಿದ್ದು. ಸಭೆಯಲ್ಲಿ ಅತ್ತೆಯಂದಿರು, ಓರಗಿತ್ತಿಯರು ಇದ್ದೀರಿ, ಕೋಪ ಮಾಡ್ಕೋಬೇಡಿ.

ಇನ್ನೊಂದು ವಿಷಯ. ಅಳು ಕಾಯಿಲೆಯಲ್ಲ. ಆದರೆ ಆರು ತಿಂಗಳು ದಾಟಿದರೂ ದುಃಖ ಒಂದಿಷ್ಟೂ ಸಡಿಲ ಆಗದೆ ದಿನದ ಕೆಲಸವೇ ನಿಂತುಹೋದರೆ ಡಾಕ್ಟರಿಗೆ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಈಗ ಅದಕ್ಕೂ ಜಾಗ ಇದೆ, ಚಿಕಿತ್ಸೆಯೂ ಇದೆ. ‘ನಾನೂ ಹೋಗಿಬಿಟ್ಟರೆ ಸಾಕು’ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, 14416. ಸರ್ಕಾರ 2022ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅವಳಿದ್ದಿದ್ದರೆ ಇಷ್ಟೊತ್ತಿಗೆ ‘ಪಾಠ ಸಾಕು, ಅವರಿಗೆ ಕಾಫಿ ಕೊಡಿ’ ಅಂದಿರೋಳು. ಹಿಂದುಗಡೆ ಫ್ಲಾಸ್ಕಿನಲ್ಲಿದೆ. ನಾನೇ ಮಾಡಿದ್ದು, ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ.