ಮಾತಿಗಿಂತ ಮೊದಲು ಯೋಚನೆ: ನಟ ಇನ್ನೊಕೆಂತಿ ಸ್ಮೊಕ್ತುನೋವ್ಸ್ಕಿ

(ದೃಶ್ಯ: 1964ರ ಕಪ್ಪು-ಬಿಳುಪು ‘ಹ್ಯಾಮ್ಲೆಟ್’ ಚಿತ್ರದ ಒಂದು ಸ್ಥಿರಚಿತ್ರ)

ನಿರೂಪಣೆ: ನಮಸ್ಕಾರ. ಹ್ಯಾಮ್ಲೆಟ್ ಪಾತ್ರವನ್ನು ತೆರೆಯ ಮೇಲೆ ತಂದವರು ಅನೇಕರು. ಅವರ ನಡುವೆ ರಷ್ಯಾದ ಇನ್ನೊಕೆಂತಿ ಸ್ಮೊಕ್ತುನೋವ್ಸ್ಕಿ ಬೇರೆಯಾಗಿ ಕಾಣುವುದು ಅವರ ಅಭಿನಯದ ತಡೆದು ನಿಲ್ಲುವ ಗುಣದಿಂದ. ಮಾತು ಹೊರಡುವ ಮೊದಲೇ ಯೋಚನೆಯೊಂದು ಆ ಮುಖದಲ್ಲಿ ಹುಟ್ಟಿ, ಅಳುಕಿ, ಗಟ್ಟಿಯಾಗುವುದನ್ನು ನಾವು ನೋಡಬಹುದು.

(ದೃಶ್ಯ: ಸೈಬೀರಿಯಾದ ನಕ್ಷೆ)

1925ರ ಮಾರ್ಚ್ 28ರಂದು ಸೈಬೀರಿಯಾದ ತತ್ಯಾನೋವ್ಕಾ ಗ್ರಾಮದಲ್ಲಿ ಜನಿಸಿದ ಅವರು ಬೆಳೆದದ್ದು ಕ್ರಾಸ್ನೊಯಾರ್ಸ್ಕ್‌ನಲ್ಲಿ. 1943ರಲ್ಲಿ ಯುದ್ಧಕ್ಕೆ ಹೋಗಿ, ಕುರ್ಸ್ಕ್ ಕದನದಲ್ಲಿಯೂ ದ್ನೀಪರ್ ನದಿ ದಾಟುವ ಕಾರ್ಯಾಚರಣೆಯಲ್ಲಿಯೂ ಪಾಲ್ಗೊಂಡು, ಅದೇ ವರ್ಷದ ಕೊನೆಯಲ್ಲಿ ಜರ್ಮನರ ಸೆರೆಗೆ ಸಿಕ್ಕಿದರು. ಸೆರೆಯಿಂದ ತಪ್ಪಿಸಿಕೊಂಡ ಈ ಯುವಕನಿಗೆ ಉಕ್ರೇನಿನ ಒಂದು ಕುಟುಂಬ ತನ್ನ ಜೀವವನ್ನೇ ಪಣಕ್ಕಿಟ್ಟು ಆಶ್ರಯ ನೀಡಿತು. ಆದರೆ ಶತ್ರುವಿನ ಸೆರೆಯಲ್ಲಿದ್ದವರನ್ನು ಸ್ಟಾಲಿನ್ ಕಾಲದ ಆಡಳಿತ ಅನುಮಾನದಿಂದ ನೋಡುತ್ತಿತ್ತು. ಆ ಕಣ್ಣಿಗೆ ಬೀಳದಿರಲೆಂದೇ ಅವರು 1946ರಲ್ಲಿ ಧ್ರುವವೃತ್ತದಾಚೆಯ ನೊರಿಲ್ಸ್ಕ್ ನಗರದ ರಂಗತಂಡವನ್ನು ಸೇರಿದರು. ಕೈದಿಗಳ ದುಡಿಮೆಯಿಂದ ಎದ್ದ ಆ ನಗರದಲ್ಲಿ, ಗಡೀಪಾರಾಗಿದ್ದ ನಟ ಗಿಯೋರ್ಗಿ ಜ್ಜೋನೊವ್ ಅವರ ಸಹೋದ್ಯೋಗಿಯಾಗಿದ್ದರು.

ಮುಂದೆ ಮಖಚ್‌ಕಲಾ, ಸ್ಟಾಲಿನ್‌ಗ್ರಾಡ್ ನಗರಗಳ ರಂಗಮಂದಿರಗಳು. ಬಳಿಕ ಮಾಸ್ಕೋದಲ್ಲಿ ನೆಲೆ ಸಿಗದ ಕಷ್ಟದ ದಿನಗಳು.

(ದೃಶ್ಯ: ಲೆನಿನ್‌ಗ್ರಾಡ್‌ನ ಬೊಲ್ಶೊಯ್ ಡ್ರಾಮಾ ರಂಗಮಂದಿರ)

ತಿರುವು ಬಂದದ್ದು ಲೆನಿನ್‌ಗ್ರಾಡ್‌ನಲ್ಲಿ. ನಿರ್ದೇಶಕ ಗಿಯೋರ್ಗಿ ತೊವ್‌ಸ್ತೊನೊಗೊವ್ ಅವರು ದೊಸ್ತೊಯೆವ್‌ಸ್ಕಿಯ ‘ಈಡಿಯಟ್’ ಕಾದಂಬರಿಯನ್ನು ರಂಗಕ್ಕೆ ತರುವಾಗ ರಾಜಕುಮಾರ ಮಿಶ್ಕಿನ್ ಪಾತ್ರವನ್ನು ಇವರಿಗೆ ಕೊಟ್ಟರು. ತಾಲೀಮು ಸುಗಮವಾಗಿರಲಿಲ್ಲ, ಪಾತ್ರ ಬಹಳ ದಿನ ಕೈಗೆ ಸಿಗಲೇ ಇಲ್ಲ. ಒಮ್ಮೆ ಫಿಲ್ಮ್ ಸ್ಟುಡಿಯೋದ ಜನಜಂಗುಳಿಯ ನಡುವೆ, ಸುತ್ತಲಿನ ಗದ್ದಲ ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಪುಸ್ತಕ ಓದುತ್ತ ನಿಂತಿದ್ದ ವ್ಯಕ್ತಿಯೊಬ್ಬರನ್ನು ಕಂಡಾಗ ತಮಗೆ ಮಿಶ್ಕಿನ್ ದೊರೆತನೆಂದು ಸ್ಮೊಕ್ತುನೋವ್ಸ್ಕಿ ಮುಂದೆ ನೆನಪಿಸಿಕೊಂಡರು. ಆ ವ್ಯಕ್ತಿ ಸ್ಟಾಲಿನ್ ಕಾಲದ ಕೈದಿ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಬಂದವರೆಂಬುದು ಆಮೇಲೆ ತಿಳಿಯಿತು. 1957ರ ಡಿಸೆಂಬರ್ 31ರಂದು ತೆರೆಕಂಡ ಆ ನಾಟಕ ಸೋವಿಯತ್ ರಂಗಭೂಮಿಯ ದೊಡ್ಡ ಘಟನೆಯಾಯಿತು. ಅವರ ಮುಂದಿನ ಪಾತ್ರಗಳಿಗೆಲ್ಲ ಬೇರು ಇಲ್ಲಿಯೇ ಇದೆಯೆಂದು ನನಗೆ ಅನ್ನಿಸುತ್ತದೆ.

(ದೃಶ್ಯ: ಚಿತ್ರಗಳ ಪೋಸ್ಟರ್‌ಗಳು)

ಗ್ರಿಗೊರಿ ಕೊಜಿಂತ್ಸೆವ್ ನಿರ್ದೇಶನದ ‘ಹ್ಯಾಮ್ಲೆಟ್’ಗೆ ಪಾಸ್ಟರ್ನಾಕ್ ಅವರ ಅನುವಾದವೂ ಶೊಸ್ತಕೊವಿಚ್ ಅವರ ಸಂಗೀತವೂ ಇದ್ದವು, ಈ ಪಾತ್ರಕ್ಕಾಗಿ 1965ರಲ್ಲಿ ಸ್ಮೊಕ್ತುನೋವ್ಸ್ಕಿ ಅವರಿಗೆ ಲೆನಿನ್ ಪ್ರಶಸ್ತಿ ಸಂದಿತು. ಮರುವರ್ಷವೇ ಅವರು ಎಲ್ದಾರ್ ರ್ಯಜಾನೊವ್ ಅವರ ಹಾಸ್ಯಚಿತ್ರದಲ್ಲಿ, ಲಂಚಕೋರರ ಕಾರುಗಳನ್ನಷ್ಟೇ ಕದಿಯುವ ವಿಮಾ ಏಜೆಂಟನಾಗಿ, ಹವ್ಯಾಸಿ ರಂಗದಲ್ಲಿ ಹ್ಯಾಮ್ಲೆಟ್ ಆಡುವ ಮುಗ್ಧನಾಗಿ ಕಾಣಿಸಿಕೊಂಡರು. 1970ರಲ್ಲಿ ಸಂಗೀತಗಾರ ಚೈಕೊವ್‌ಸ್ಕಿ, ಚೆಕೊವ್‌ನ ವಾನ್ಯಾ ಮಾವ, ‘ಅಪರಾಧ ಮತ್ತು ಶಿಕ್ಷೆ’ಯ ತನಿಖಾಧಿಕಾರಿ ಪೊರ್ಫಿರಿ, ಈ ಮೂವರೂ ಅವರೇ. ನಿರ್ದೇಶಕ ತಾರ್ಕೊವ್‌ಸ್ಕಿಯವರ ‘ಮಿರರ್’ ಚಿತ್ರದಲ್ಲಿ ಅವರ ದನಿ ಮಾತ್ರವಿದೆ, ಮುಖವಿಲ್ಲದಿದ್ದರೂ ಯೋಚಿಸುವ ಆ ತಡೆತ ದನಿಯಲ್ಲೇ ಕೇಳಿಸುತ್ತದೆ.

1976ರಲ್ಲಿ ಅವರು ಒಲೆಗ್ ಯೆಫ್ರೆಮೊವ್ ಮುನ್ನಡೆಸುತ್ತಿದ್ದ ಮಾಸ್ಕೋ ಆರ್ಟ್ ಥಿಯೇಟರ್ ಸೇರಿ, ಚೆಕೊವ್‌ನ ಇವಾನೊವ್ ಪಾತ್ರವನ್ನು ವಹಿಸಿದರು. 1994ರ ಆಗಸ್ಟ್ 3ರಂದು ನಿಧನರಾದ ಅವರ ಸಮಾಧಿ ಮಾಸ್ಕೋದ ನೊವೊದೇವಿಚಿ ಸ್ಮಶಾನದಲ್ಲಿದೆ.