ಹೊಸ ಟ್ಯಾಟೂ ಮಾಯೋವರೆಗೆ ಕೈ ನೋಡ್ಕೊಳ್ಳೋದು ಹೇಗೆ

ನಮಸ್ಕಾರ ಎಲ್ಲರಿಗೂ.

ಈಗ ನೀವು ನೋಡ್ತಿರೋದು ನನ್ನ ಎಡಗೈ. ಮೊಣಕೈಯಿಂದ ಕೆಳಗೆ, ಒಳಭಾಗದಲ್ಲಿ, ಒಂದು ಸಂಪಿಗೆ ರೆಂಬೆ. ಎರಡು ಹೂವು, ಒಂದು ಮೊಗ್ಗು, ಒಂದಷ್ಟು ಎಲೆ. ಕಪ್ಪು ಗೆರೆ, ಬೂದು ಶೇಡಿಂಗ್, ಬೇರೆ ಬಣ್ಣ ಇಲ್ಲ. ಹಾಕಿಸ್ಕೊಳ್ಳೋದು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಯ್ತು. ಮಾಯೋಕೆ ವಾರಗಟ್ಟಲೆ ಬೇಕು. ನಮ್ಮಲ್ಲಿ ಎಷ್ಟೋ ಜನ ಡಿಸೈನ್ ಹುಡುಕೋಕೆ ತಿಂಗಳುಗಟ್ಟಲೆ ತಗೋತಾರೆ, ದುಡ್ಡು ಕೂಡಿಡ್ತಾರೆ, ಆದ್ರೆ ಆಮೇಲೆ ಕೈ ನೋಡ್ಕೊಳ್ಳೋದು ಹೇಗೆ ಅಂತ ಕೇಳೋದೇ ಇಲ್ಲ. ಅದಕ್ಕೇ ಮನೆಗೆ ಬಂದಾಗಿಂದ ದಿನಾ ಸ್ವಲ್ಪ ಸ್ವಲ್ಪ ಶೂಟ್ ಮಾಡ್ತಾ ಬಂದೆ.

ಮೊದಲು ಒಳಗೆ ಏನಾಗಿದೆ ಅಂತ ಹೇಳ್ಬಿಡ್ತೀನಿ. ಅದು ಗೊತ್ತಾದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಮೆಷಿನ್ ಸೂಜಿ ಸೆಕೆಂಡಿಗೆ ಹತ್ತಾರು ಸಲ ಚುಚ್ಚಿ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ ಶಾಯಿ ಬಿಡುತ್ತೆ. ನಮ್ಮ ಚರ್ಮದ ಮೇಲಿನ ಪದರ ಸದಾ ಉದುರ್ತಾ, ಹೊಸದು ಬರ್ತಾ ಇರುತ್ತೆ. ಅದರ ಕೆಳಗಿನ ಡರ್ಮಿಸ್ ಪದರ ಹಾಗೆ ಉದುರಲ್ಲ. ಶಾಯಿ ಕೂರೋದು ಅಲ್ಲಿ. ಹೊರಗಿನ ಕಣ ಒಳಗೆ ಬಂತು ಅಂತ ರೋಗನಿರೋಧಕ ಕೋಶಗಳು, ಮ್ಯಾಕ್ರೋಫೇಜ್ ಅಂತಾರಲ್ಲ ಅವು, ಓಡಿಬಂದು ನುಂಗ್ತವೆ. ನುಂಗ್ತವೆ, ಆದ್ರೆ ಅರಗಿಸ್ಕೊಳ್ಳೋಕೆ ಆಗಲ್ಲ. ಫ್ರಾನ್ಸ್‌ನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಚರ್ಮದಲ್ಲಿ ತೋರಿಸಿದ್ದು ಇದನ್ನೇ: ಶಾಯಿ ನುಂಗಿದ ಕೋಶ ಸತ್ತಾಗ ಆಚೆ ಬಿದ್ದ ಶಾಯಿನ ಹೊಸದಾಗಿ ಬಂದ ಕೋಶ ಎತ್ಕೊಳ್ಳುತ್ತೆ. ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟ್ತಾ ದಾಟ್ತಾ ಚಿತ್ರ ವರ್ಷಾನುಗಟ್ಟಲೆ ಉಳಿಯುತ್ತೆ.

ಅಂದ್ರೆ, ಶಾಯಿನ ಹಿಡಿದಿಡೋ ಕೆಲಸ ದೇಹದ್ದು. ಮೇಲಿಂದ ನಾವು ಏನೇ ಹಚ್ಚಿದ್ರೂ ಅದು ಶಾಯಿನ ಹಿಡಿದಿಡಲ್ಲ. ನಮ್ಮ ಪಾಲಿಗೆ ಇರೋದು ಇಷ್ಟೇ: ಮೇಲೆ ಆಗಿರೋ ಗಾಯನ ಕ್ಲೀನಾಗಿ ಇಡೋದು, ಒಣಗಿ ಬಿರಿಯೋಕೆ ಬಿಡದೆ ಇರೋದು, ಸುಮ್ಮನೆ ಮುಟ್ಟದೆ ಇರೋದು. ಈ ವಿಡಿಯೊದಲ್ಲಿ ನಾನು ಏನೇ ಹೇಳಿದ್ರೂ ಸುತ್ತಿ ಬಳಸಿ ಇದೇ.

ಇದು ಮೊದಲ ರಾತ್ರಿ. ಕೈ ಮೇಲೆ ಅಂಟಿರೋ ತೆಳು ಪಾರದರ್ಶಕ ಹಾಳೆಗೆ ಸೆಕೆಂಡ್ ಸ್ಕಿನ್ ಅಂತಾರೆ. ನೀರು, ಕೊಳೆ ಒಳಗೆ ಹೋಗಲ್ಲ, ಗಾಳಿ ಆಡುತ್ತೆ. ಹತ್ತಿರದಿಂದ ನೋಡಿ, ಹಾಳೆ ಕೆಳಗೆ ಕಪ್ಪಗೆ ನೀರು ನಿಂತಿದೆ, ಕೈ ಬಾಗಿಸಿದ್ರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಿಯುತ್ತೆ. ನೋಡೋಕೆ ಭಯ ಆಗುತ್ತೆ, ಶಾಯಿ ಎಲ್ಲ ಸೋರಿಹೋಗ್ತಿದೆ ಅನ್ಸುತ್ತೆ. ಅದು ಗಾಯದಿಂದ ಒಸರೋ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಅದಕ್ಕೆ ಹೆಚ್ಚಾಗಿ ಮೇಲೆ ಉಳಿದ ಶಾಯಿ ಸೇರಿರುತ್ತೆ ಅಷ್ಟೇ. ಎಷ್ಟು ಹೊತ್ತು ಇಡಬೇಕು ಅನ್ನೋದು ಹಾಳೆಯಿಂದ ಹಾಳೆಗೆ ಬೇರೆ, ನಿಮ್ಮ ಆರ್ಟಿಸ್ಟ್ ಹೇಳಿದ ಹಾಗೆ ಮಾಡಿ. ಅಂಚಿಂದ ಸೋರೋಕೆ ಶುರುವಾದ್ರೆ ಮಾತ್ರ ಕಾಯಬೇಡಿ, ತೆಗೆದುಬಿಡಿ. ಒಳಗೆ ಕೊಳೆ ಹೋಗೋ ದಾರಿ ಅದೇ. ಅಂಟಿನ ಸುತ್ತ ಗುಳ್ಳೆ ಎದ್ದು ನವೆ ಬಂದ್ರೂ ಅಷ್ಟೇ, ಕೆಲವರ ಚರ್ಮಕ್ಕೆ ಆ ಅಂಟು ಆಗಿಬರಲ್ಲ. ತೆಗೆಯೋವಾಗ ಉಗುರು ಬೆಚ್ಚಗಿನ ನೀರು ಬಿಟ್ಕೊಂಡು, ಮೇಲಕ್ಕೆ ಕೀಳದೆ, ಚರ್ಮದ ಉದ್ದಕ್ಕೂ ಎಳೀತಾ ಬಿಡಿಸಿ. ಹಾಳೆ ಹಾಕದೆ ಬಿಟ್ಟಿದ್ರೆ ಮೊದಲ ರಾತ್ರಿ ಬೆಡ್‌ಶೀಟ್‌ಗೆ ಅಂಟ್ಕೊಳ್ಳುತ್ತೆ. ಹಾಗಾದಾಗ ಎಳೀಬೇಡಿ. ನೀರು ಹಾಕಿ ನೆನೆಸಿ, ತಾನೇ ಬಿಡುತ್ತೆ.

ಈಗ ತೊಳೆಯೋದು. ಇದನ್ನ ಸ್ವಲ್ಪ ನಿಧಾನವಾಗಿ ತೋರಿಸ್ತೀನಿ, ಯಾಕಂದ್ರೆ ಇಡೀ ಆರೈಕೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ. ಮೊದಲು ಎರಡೂ ಅಂಗೈನ ಸೋಪ್ ಹಾಕಿ ತೊಳೀರಿ. ಟ್ಯಾಟೂ ಆಮೇಲೆ. ವಾಸನೆ ಇಲ್ಲದ, ಮೃದುವಾದ ಸೋಪು ಅಥವಾ ಲಿಕ್ವಿಡ್ ವಾಶ್ ಅಂಗೈಯಲ್ಲಿ ನೊರೆ ಮಾಡ್ಕೊಂಡು, ಬೆರಳ ತುದಿಯಿಂದ ಹಗುರವಾಗಿ ಸವರಿ. ಸ್ಪಂಜು, ಸ್ಕ್ರಬ್ಬರ್, ನಾರು ಯಾವುದೂ ಬೇಡ. ಆ ಜಿಡ್ಡು ಜಿಡ್ಡು ಅನ್ನಿಸೋದು ಹೋಗೋವರೆಗೆ ತೊಳೀರಿ, ಆ ಪ್ಲಾಸ್ಮಾ ಒಣಗಿದ್ರೆ ದಪ್ಪ ಹಕ್ಕಳೆ ಕಟ್ಟುತ್ತೆ. ದಿನಕ್ಕೆ ಎರಡು ಸಲ ಸಾಕು, ಬೆವರು ಬಂದ ದಿನ ಇನ್ನೊಂದು ಸಲ. ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು, ಟ್ಯಾಂಕ್ ಯಾವಾಗ ತೊಳೆದಿದ್ರೋ ಯಾರಿಗೂ ಗೊತ್ತಿಲ್ಲ. ಅದಕ್ಕೆ ಮೊದಲ ವಾರ ನಾನು ಕುದಿಸಿ ಆರಿಸಿದ ನೀರಲ್ಲೇ ಕೊನೇ ಸಲ ಸುರಿದು ತೊಳೆದೆ. ನಿಮ್ಮ ನೀರಿನ ಮೇಲೆ ನಿಮಗೆ ಅನುಮಾನ ಇದ್ರೆ ನೀವೂ ಹಾಗೇ ಮಾಡಿ, ಅದಕ್ಕೇನು ಖರ್ಚಿಲ್ಲ.

ಒರೆಸೋಕೆ ಬಾತ್‌ರೂಮ್ ಟವೆಲ್ ಬೇಡ. ಎಲ್ಲರೂ ಬಳಸಿ ಒದ್ದೆಯಾಗೇ ನೇತಾಡೋ ಬಟ್ಟೆ ಅದು. ಟಿಶ್ಯೂ ಪೇಪರ್ ಒತ್ತಿ ತೆಗೀರಿ, ಉಜ್ಜಬೇಡಿ. ಒಂದೈದು ನಿಮಿಷ ಹಾಗೇ ಆರೋಕೆ ಬಿಡಿ. ಆಮೇಲೆ ಮಾಯಿಶ್ಚರೈಸರ್. ಈ ಶಾಟ್‌ನಲ್ಲಿ ನನ್ನ ಬೆರಳ ತುದಿ ನೋಡಿ, ಕಡಲೆ ಕಾಳಿನಷ್ಟು ಕ್ರೀಮ್. ಅಂಗೈ ಅಗಲದ ಟ್ಯಾಟೂಗೆ ಅಷ್ಟೇ ಸಾಕು. ಹಚ್ಚಿದ ಮೇಲೆ ಚರ್ಮ ಜಿಗಿಜಿಗಿ ಹೊಳೀತಿದ್ರೆ ಜಾಸ್ತಿ ಆಯ್ತು ಅಂತ, ಟಿಶ್ಯೂ ಒತ್ತಿ ತೆಗೆದುಬಿಡಿ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಟ್ಯಾಟೂಗೆ ನೀರಿನಂಶ ಇರೋ ಲೋಷನ್ ಹಚ್ಚಿ, ಪೆಟ್ರೋಲಿಯಂ ಜೆಲ್ಲಿ ಬೇಡ ಅನ್ನುತ್ತೆ. ನಮ್ಮ ಸೆಕೆಗೆ, ಮಂಗಳೂರು ಉಡುಪಿ ಕಡೆಯವರಿಗಂತೂ, ಈ ಮಾತು ಇನ್ನೂ ಸರಿ. ದಪ್ಪ ಜಿಡ್ಡಿನ ಕೆಳಗೆ ಬೆವರು ಸಿಕ್ಕಿಹಾಕ್ಕೊಂಡು ಬೆವರುಸಾಲೆ ಏಳುತ್ತೆ.

ಇಲ್ಲಿ ಅಮ್ಮನ ವಿಷಯ ಹೇಳ್ಲೇಬೇಕು. ಕೈ ನೋಡಿದ ತಕ್ಷಣ ಅವರು ಹೇಳಿದ್ದು, "ಅರಿಶಿನ ಕೊಬ್ಬರಿ ಎಣ್ಣೆ ಕಲಸಿ ಹಚ್ಚೇ, ಎರಡೇ ದಿನಕ್ಕೆ ಒಣಗುತ್ತೆ. ಬದನೆಕಾಯಿ, ಒಣಮೀನು ಮುಟ್ಟಬೇಡ, ನಂಜಾಗುತ್ತೆ." ನಮ್ಮಜ್ಜಿ ಕೈ ತುಂಬ ಹಚ್ಚೆ ಇತ್ತು. ಊರೂರು ತಿರುಗಿ ಬರ್ತಿದ್ದ ಕೊರವಂಜಿ ಹೆಂಗಸರು ದೀಪದ ಮಸಿಗೆ ಸೊಪ್ಪಿನ ರಸ ಸೇರಿಸಿ, ಸೂಜಿ ಕಟ್ಟಿಕೊಂಡು ಕೈಯಲ್ಲೇ ಚುಚ್ಚಿ ಹಾಕ್ತಿದ್ರು, ಮೇಲೆ ಅರಿಶಿನ ಬಳೀತಿದ್ರು. ಅವತ್ತು ಹಳ್ಳಿಯಲ್ಲಿ ಗಾಯಕ್ಕೆ ಅಂತ ಕೈಗೆ ಸಿಗ್ತಿದ್ದದ್ದು ಅದೇ. ಅಂದಹಾಗೆ ಅಜ್ಜಿ ಹಚ್ಚೆ ಹಸಿರು ನೀಲಿ ಕಾಣ್ತಿತ್ತಲ್ಲ, ಹಾಕಿದ್ದು ಕಪ್ಪು ಮಸಿನೇ. ಚರ್ಮದ ಆಳದಲ್ಲಿರೋ ಕಪ್ಪು, ಬೆಳಕು ಚದುರೋದ್ರಿಂದ ಮೇಲಿಂದ ನೋಡೋವಾಗ ನೀಲಿ ಛಾಯೆಗೆ ತಿರುಗುತ್ತೆ. ಇನ್ನು ನೂರು ಜನಕ್ಕೆ ಒಂದೇ ಸೂಜಿ ಹಾಕೋ ಜಾತ್ರೆ ಹಚ್ಚೆ ಇವತ್ತು ಬೇಡವೇ ಬೇಡ. ಹೆಪಟೈಟಿಸ್ ಬಿ, ಸಿ ಹರಡೋದು ಹೀಗೆ. ಎಷ್ಟೇ ಚೆನ್ನಾಗಿ ಆರೈಕೆ ಮಾಡಿದ್ರೂ ಅದನ್ನ ಸರಿ ಮಾಡೋಕಾಗಲ್ಲ.

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ಅಡುಗೆಮನೆ ಅರಿಶಿನ ಪುಡಿ ಸಾರಿಗೆ ಒಳ್ಳೇದು, ಆದ್ರೆ ಅದು ತೆರೆದ ಗಾಯಕ್ಕೆ ಹಚ್ಚೋ ಹಾಗೆ ಶುದ್ಧ ಮಾಡಿದ್ದಲ್ಲ. ಪುಡಿ ಹಕ್ಕಳೆಯೊಳಗೆ ಸೇರ್ಕೊಳ್ಳುತ್ತೆ, ಅದನ್ನ ತೊಳೆಯೋಕೆ ಉಜ್ಜಬೇಕಾಗುತ್ತೆ. ಅರಿಶಿನದ ಹಳದಿಯಲ್ಲಿ ಕೀವು ಬಂದಿದ್ಯೋ ಇಲ್ವೋ ಅಂತಾನೂ ಗೊತ್ತಾಗಲ್ಲ. ಕೊಬ್ಬರಿ ಎಣ್ಣೆ ಮೇಲೆ ನನಗೆ ತಕರಾರಿಲ್ಲ, ಪೊರೆ ಎಲ್ಲ ಉದುರಿ ಚರ್ಮ ಮುಚ್ಚಿದ ಮೇಲೆ ತೆಳುವಾಗಿ ಹಚ್ಚಬಹುದು. ಬದನೆಕಾಯಿ ತಿಂದ್ರೆ ಟ್ಯಾಟೂ ಕೀವಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಆದ್ರೂ ಅಮ್ಮನ ಸಮಾಧಾನಕ್ಕೆ ಒಂದೆರಡು ವಾರ ಎಣ್ಣೆಗಾಯಿ ಮಾಡಲಿಲ್ಲ. ಅದರಿಂದ ಯಾರಿಗೂ ನಷ್ಟ ಇಲ್ಲ.

ನಷ್ಟ ಆಗೋದು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ತರೋ ಮುಲಾಮುಗಳಿಂದ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಬೆರೆಸಿದ ಕ್ರೀಮುಗಳು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರ್ತವೆ. ಸ್ಟೀರಾಯ್ಡ್ ಗಾಯ ಮಾಯೋದನ್ನ ನಿಧಾನ ಮಾಡುತ್ತೆ, ನವೆನ ಮುಚ್ಚಿಹಾಕುತ್ತೆ, ಒಳಗೆ ಸೋಂಕಿದ್ರೆ ಅದು ಕಾಣದ ಹಾಗೆ ಮಾಡುತ್ತೆ. ನಿಯೋಮೈಸಿನ್ ಇರೋ ಆಂಟಿಬಯಾಟಿಕ್ ಮುಲಾಮಿಗೆ ಎಷ್ಟೋ ಜನಕ್ಕೆ ಅಲರ್ಜಿ ಇರುತ್ತೆ. ಡೆಟಾಲ್, ಸ್ಪಿರಿಟ್ ಕೂಡ ಬೇಡ, ಹೊಸದಾಗಿ ಬೆಳೀತಿರೋ ಕೋಶನೂ ಸುಡ್ತವೆ. ಡಾಕ್ಟರ್ ನೋಡಿ ಕೊಟ್ರೆ ಸರಿ, ಇಲ್ಲದಿದ್ರೆ ಯಾವುದೂ ಬೇಡ.

ಈಗ ಬರೋ ದೃಶ್ಯ ಸುಲಿಯೋ ಹಂತದ್ದು. ಸಾಮಾನ್ಯವಾಗಿ ನಾಲ್ಕೈದನೇ ದಿನಕ್ಕೆ ಶುರುವಾಗಿ ಎರಡನೇ ವಾರದವರೆಗೂ ನಡೆಯುತ್ತೆ. ನೋಡಿ, ಎಲೆಯ ಅಂಚಲ್ಲಿ ಕಪ್ಪು ಪೊರೆ ಅರ್ಧ ಎದ್ದು ನಿಂತಿದೆ, ಬಟ್ಟೆ ತಗುಲಿದಾಗೆಲ್ಲ ಅಲ್ಲಾಡುತ್ತೆ. ಕಿತ್ತುಬಿಡೋಣ ಅಂತ ಬೆರಳು ತಾನಾಗೇ ಹೋಗುತ್ತೆ. ಆ ಪೊರೆಯ ಇನ್ನೊಂದು ತುದಿ ಇನ್ನೂ ಹಸಿ ಚರ್ಮಕ್ಕೆ ಅಂಟಿರುತ್ತೆ. ಕಿತ್ರೆ ಅದರ ಜೊತೆ ಶಾಯಿನೂ ಬರುತ್ತೆ, ಅಲ್ಲೊಂದು ಬಿಳಿ ಮಚ್ಚೆ ಉಳಿಯುತ್ತೆ. ಉದುರೋದು ಉದುರ್ಲಿ, ಕೀಳೋದು ಬೇಡ. ಅದರ ಜೊತೆಗೇ ನವೆ. ರಾತ್ರಿ ಹೊತ್ತು ಜಾಸ್ತಿ. ಕೆರೀಬೇಡಿ. ಫ್ರಿಜ್ಜಲ್ಲಿಟ್ಟ ತಣ್ಣನೆ ಬಾಟಲಿಗೆ ಶುಭ್ರವಾದ ಕಾಟನ್ ಬಟ್ಟೆ ಸುತ್ತಿ ಒತ್ತಿ ಹಿಡೀರಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತೆ. ಉಗುರು ಕತ್ತರಿಸಿಟ್ಕೊಳ್ಳಿ, ನಿದ್ದೆಯಲ್ಲಿ ಕೈ ಎಲ್ಲಿಗೆ ಹೋಗುತ್ತೋ ಗೊತ್ತಾಗಲ್ಲ.

ಸುಲಿದ ಮೇಲೆ ಟ್ಯಾಟೂ ಮಂಕಾಗುತ್ತೆ, ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ. ಬಣ್ಣ ಹೋಯ್ತು ಅಂತ ಆಗ ತುಂಬ ಜನ ಗಾಬರಿಯಾಗ್ತಾರೆ. ಹೊಸ ಚರ್ಮ ಇನ್ನೂ ಪಕ್ವ ಆಗಿಲ್ಲ, ಅದರ ಮೂಲಕ ನೋಡ್ತಿದ್ದೀವಿ ಅಷ್ಟೇ. ಮೇಲ್ಭಾಗ ಎರಡು ಮೂರು ವಾರಕ್ಕೆ ಮುಚ್ಚುತ್ತೆ, ಒಳಗೆ ಪೂರ್ತಿ ಸರಿಹೋಗೋಕೆ ಎರಡು ಮೂರು ತಿಂಗಳು ಬೇಕು.

ಈಗ ನಾನು ತುಂಬ ದಿನದಿಂದ ಹೇಳ್ಬೇಕು ಅಂದ್ಕೊಂಡಿದ್ದ ಮಾತು. ಸೋಂಕಾದ್ರೆ ಹೀಗೆ ಕೆಂಪಾಗುತ್ತೆ ಅಂತ ತೋರಿಸೋ ಫೋಟೊಗಳು ಹೆಚ್ಚಿನವು ಬೆಳ್ಳಗಿರೋ ಚರ್ಮದ್ದು. ನಮ್ಮ ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಹಾಗೆ ಕಾಣಲ್ಲ. ಕಂದು, ನೇರಳೆ, ಕೆಲವೊಮ್ಮೆ ಬರೀ ಸುತ್ತಲಿಗಿಂತ ಕಪ್ಪಗೆ ಕಾಣುತ್ತೆ. ಕೆಂಪಾಗಲಿ ಅಂತ ಕಾಯ್ತಾ ಕೂತ್ರೆ ತಡವಾಗುತ್ತೆ. ಅದಕ್ಕೆ ಕಣ್ಣನ್ನಷ್ಟೇ ನಂಬಬೇಡಿ. ತೊಳೆದ ಕೈಯ ಹಿಂಭಾಗ ಟ್ಯಾಟೂ ಪಕ್ಕದ ಚರ್ಮಕ್ಕೆ ಇಟ್ಟು ನೋಡಿ, ಇನ್ನೊಂದು ಕೈಗಿಂತ ಬಿಸಿ ಇದ್ಯಾ? ಮೊದಲ ಎರಡು ದಿನ ಸ್ವಲ್ಪ ಬಿಸಿ, ಊತ, ನೋವು ಇರೋದೇ. ಅದು ದಿನದಿಂದ ದಿನಕ್ಕೆ ಕಡಿಮೆ ಆಗ್ಬೇಕು. ಮೂರನೇ ದಿನ ಎರಡನೇ ದಿನಕ್ಕಿಂತ ಜಾಸ್ತಿ ನೋವು, ಊತ ಹರಡೋದು, ಹಳದಿ ಹಸಿರು ಕೀವು, ಕೆಟ್ಟ ವಾಸನೆ, ಕೈ ಮೇಲಕ್ಕೆ ಗೆರೆ ಹರಿಯೋದು, ಜ್ವರ, ಚಳಿ, ಇದರಲ್ಲಿ ಒಂದಿದ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ. ಸಕ್ಕರೆ ಕಾಯಿಲೆ ಇರೋರು ಟ್ಯಾಟೂ ಹಾಕಿಸ್ಕೊಳ್ಳೋ ಮುಂಚೆನೇ ಕೇಳ್ಕೊಂಡು ಹೋಗಿ. ಗಾಯ ಆದ ಕಡೆ ಉಬ್ಬಿದ ಗಂಟು ಕಟ್ಟೋ ಕೀಲಾಯ್ಡ್ ನಿಮ್ಮ ಮನೆತನದಲ್ಲಿದ್ರೂ ಅಷ್ಟೇ, ನಮ್ಮಂಥ ಕಪ್ಪು ಚರ್ಮದಲ್ಲಿ ಅದು ಹೆಚ್ಚು.

ಸೋಂಕು ತಡವಾಗಿಯೂ ಬರಬಹುದು. 2011ರ ಕೊನೆಗೆ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ 19 ಜನರ ಟ್ಯಾಟೂ ಮೇಲೆ ವಾಸಿಯಾಗದ ಗುಳ್ಳೆ ಎದ್ದವು. ಮೊದಲೇ ಬೆರೆಸಿಟ್ಟ ಬೂದು ಶಾಯಿಯಲ್ಲೇ ಮೈಕೋಬ್ಯಾಕ್ಟೀರಿಯಂ ಚೆಲೋನೆ ಅನ್ನೋ, ನೀರಲ್ಲಿ ಬದುಕೋ ಬ್ಯಾಕ್ಟೀರಿಯಾ ಇತ್ತು. ಇಂಥ ಗುಳ್ಳೆಗೆ ಮಾಮೂಲಿ ಆಂಟಿಬಯಾಟಿಕ್ ಸಾಲಲ್ಲ, ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತೆ. ಹಾಗಾಗಿ ಎಲ್ಲ ಮಾಯ್ದ ಮೇಲೆ ಬೂದು ಶೇಡಿಂಗ್ ಇರೋ ಕಡೆ ಮಾತ್ರ ಸಣ್ಣ ಸಣ್ಣ ಗುಳ್ಳೆ ಬಂದ್ರೆ ಸೆಕೆಗುಳ್ಳೆ ಅಂತ ಬಿಡಬೇಡಿ, ಚರ್ಮದ ಡಾಕ್ಟರಿಗೇ ತೋರಿಸಿ. ಶಾಯಿ ತೆಳು ಮಾಡೋಕೆ ನಲ್ಲಿ ನೀರು ಹಾಕೋದು ಕಂಡ್ರೆ ಆ ಸ್ಟುಡಿಯೊದಿಂದ ಎದ್ದು ಬನ್ನಿ.

ಇದು ಗೋಕರ್ಣ. ಗೆಳತಿಯರ ಪ್ಲಾನ್ ಮೊದಲೇ ಆಗಿತ್ತು. ಎಲ್ಲರೂ ನೀರಿಗಿಳಿದ್ರು, ನಾನು ತೋಳುದ್ದದ ಸಡಿಲ ಕಾಟನ್ ಅಂಗಿ ಹಾಕ್ಕೊಂಡು ನೆರಳಲ್ಲಿ ಕೂತಿದ್ದೆ. ಯಾಕಂದ್ರೆ 2017ರಲ್ಲಿ ಒಂದು ವೈದ್ಯಕೀಯ ವರದಿ ಬಂತು. ಟ್ಯಾಟೂ ಹಾಕಿಸ್ಕೊಂಡ ಐದೇ ದಿನಕ್ಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಈಜಿದ 31 ವರ್ಷದ ಒಬ್ಬರಿಗೆ ಸಮುದ್ರದ ನೀರಲ್ಲಿರೋ ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾದ ಸೋಂಕು ತಗುಲಿ ಅವರು ತೀರ್ಕೊಂಡ್ರು. ಅವರಿಗೆ ಮೊದಲೇ ಲಿವರ್ ಕಾಯಿಲೆ ಇತ್ತು, ಎಲ್ಲರಿಗೂ ಹಾಗಾಗಲ್ಲ. ಆದ್ರೂ ಚರ್ಮ ಮುಚ್ಚೋವರೆಗೆ ಸಮುದ್ರ, ಹೊಳೆ, ಕಲ್ಯಾಣಿ, ಸ್ವಿಮ್ಮಿಂಗ್ ಪೂಲ್ ಯಾವುದೂ ಬೇಡ. ಸ್ನಾನ ಮಾಡಿ, ನೆನೆಸಿಟ್ಕೊಂಡು ಕೂರಬೇಡಿ. ಜಿಮ್ಮಲ್ಲಿ ಎಲ್ಲರೂ ಬೆವರಿಟ್ಟ ಬೆಂಚಿಗೆ ಟ್ಯಾಟೂ ತಾಗಿಸಬೇಡಿ.

ಬಿಸಿಲು ಮಾತ್ರ ಜೀವನಪೂರ್ತಿ ವೈರಿ. ಮಾಯೋವರೆಗೆ ಬಟ್ಟೆಯಿಂದ ಮುಚ್ಚಿ, ಆ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚೋ ಹಾಗಿಲ್ಲ. ಮಾಯ್ದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರೋದು. ನಾನು ದಿನಾ ಸ್ಕೂಟರ್ ಓಡಿಸೋಳು, ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಮುಂಗೈಗೇ ಬಿಸಿಲು. ಕೈಗೆ ಹಾಕ್ಕೊಳ್ಳೋ ಕಾಟನ್ ತೋಳುಗವಸು ಒಂದು ಡಿಕ್ಕಿಯಲ್ಲಿ ಇಟ್ಟೇ ಇರ್ತೀನಿ, ದಿನಾ ಒಗೆದು.

ರಕ್ತದಾನ ಮಾಡೋರು ಗಮನಿಸಿ, ನಮ್ಮ ದೇಶದ ನಿಯಮದ ಪ್ರಕಾರ ಟ್ಯಾಟೂ ಹಾಕಿಸ್ಕೊಂಡ ಮೇಲೆ 12 ತಿಂಗಳು ರಕ್ತ ಕೊಡೋ ಹಾಗಿಲ್ಲ. ಕ್ಯಾಂಪಲ್ಲಿ ಕೇಳಿದಾಗ ಮುಚ್ಚಿಡದೆ ಹೇಳಿ. ನಿಮ್ಮ ಮನೆಯವರಿಗೆ ರಕ್ತ ಬೇಕಾಗಬಹುದಾದ ಆಪರೇಷನ್ ಮುಂದಿದ್ರೆ ಟ್ಯಾಟೂನೇ ಸ್ವಲ್ಪ ಮುಂದಕ್ಕೆ ಹಾಕಿ.

ಕೊನೆಗೆ, ಇದು ಟಚಪ್‌ಗೆ ಹೋದ ದಿನ. ಪೂರ್ತಿ ಮಾಯ್ದ ಮೇಲೇ ಹೋಗ್ಬೇಕು, ಹಸಿ ಇದ್ದಾಗ ಮತ್ತೆ ಚುಚ್ಚಿಸೋ ಹಾಗಿಲ್ಲ. ಆರ್ಟಿಸ್ಟ್ ಲೈಟ್ ಹತ್ರ ತಂದು ಒಂದೊಂದೇ ಎಸಳು ನೋಡಿದ್ರು. ಮೊಗ್ಗಿನ ತುದಿಯಲ್ಲಿ ಒಂದು ಗೆರೆ ಮಾತ್ರ ತೆಳುವಾಗಿತ್ತು, ಅದನ್ನ ತುಂಬಿದ್ರು, ಪ್ಯಾಕೆಟ್ ಒಡೆದು ಹೊಸ ಸೂಜಿ ಹಾಕಿದ್ದನ್ನ ನನಗೆ ತೋರಿಸಿ. ಆ ಒಂದು ಗೆರೆಗೂ ಅದೇ ನೀರು, ಅದೇ ಸೋಪು, ಅಷ್ಟೇ ಕ್ರೀಮ್ ಮತ್ತೆ ಶುರು.