ಮೊದಲು ನೋಡಿ, ಆಮೇಲೆ ಕೇಳಿ: ಟ್ಯಾರೋ ಚಿತ್ರಗಳು ಮತ್ತು ಕ್ರೈಸ್ತ ವಿವೇಚನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗುರುಗಳೇ, ಧರ್ಮಭಗಿನಿಯರೇ, ಶನಿವಾರದ ಸಂಜೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟು ಬಂದಿರುವ ಸ್ನೇಹಿತರೇ,

ಆಮಂತ್ರಣ ಪತ್ರಿಕೆ ಕೈಸೇರಿದ ಮೇಲೆ ಕೆಲವರು ನನಗೆ ಫೋನ್ ಮಾಡಿದರು. ಭವಿಷ್ಯ ನೋಡಲು ಬಳಸುವ ಇಸ್ಪೀಟಿನಂಥ ಚಿತ್ರದ ಎಲೆಗಳಾದ ಟ್ಯಾರೋವಿನ ಹೆಸರನ್ನು ಕ್ರೈಸ್ತ ವಿಶ್ವಾಸದ ಪಕ್ಕದಲ್ಲಿಟ್ಟು ಮಾತನಾಡುವುದು ಸರಿಯೇ ಎಂಬುದು ಅವರ ಪ್ರಶ್ನೆ. ಆ ಆತಂಕಕ್ಕೆ ಆಧಾರವಿದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಹೇಳುವುದನ್ನೂ ಶಕುನ ನೋಡುವುದನ್ನೂ ನಿಷೇಧಿಸುತ್ತದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2116ನೆಯ ಪರಿಚ್ಛೇದದಲ್ಲಿ ಭವಿಷ್ಯ ಕೇಳುವ ಎಲ್ಲ ಬಗೆಗಳನ್ನೂ ತಳ್ಳಿಹಾಕುತ್ತದೆ. ಆ ಮಾತಿನ ಒಂದಕ್ಷರವನ್ನೂ ಸಡಿಲಿಸಲು ನಾನು ಬಂದಿಲ್ಲ. ಮುಂದೇನಾಗುತ್ತದೆ ಎಂದು ಕೇಳಲು ಎಲೆ ಹಾಸುವವರ ಒಳದನಿ ದಿನದಿಂದ ದಿನಕ್ಕೆ ಕ್ಷೀಣಿಸುತ್ತದೆ, ಏಕೆಂದರೆ ಉತ್ತರವು ಸಿದ್ಧವಾಗಿ ಹೊರಗಿನಿಂದ ಬಂದುಬಿಟ್ಟರೆ ಒಳಗೆ ಹುಡುಕಬೇಕಾದ ಅಗತ್ಯವೇ ಉಳಿಯುವುದಿಲ್ಲ. ಆದರೆ ನಮ್ಮದೇ ಮನೆಗಳ ಎಳೆಯರು ರಾತ್ರಿ ಫೋನಿನಲ್ಲಿ ಎಲೆ ತೆಗೆದು ನೋಡುತ್ತಿದ್ದಾರೆ. ತಮ್ಮ ಮನಸ್ಸು ಹೇಳುವುದನ್ನು ನಂಬಬಹುದೇ ಎಂಬ ಸಂಕಟವೇ ಅವರನ್ನು ಅಲ್ಲಿಗೆ ಕಳುಹಿಸುತ್ತಿದೆ. ಆ ಸಂಕಟಕ್ಕೆ ಬೇಕಾದ ಶಿಕ್ಷಣವು ನಮ್ಮ ಪರಂಪರೆಯಲ್ಲೇ ಇದೆ. ಅವರು ನೋಡುತ್ತಿರುವ ಚಿತ್ರಗಳಲ್ಲಿ ಹಲವು ನಮ್ಮ ಚರ್ಚುಗಳ ಗೋಡೆಗಳಿಂದಲೇ ಇಳಿದು ಹೋದಂಥವು. ಆದ್ದರಿಂದ ನನ್ನ ಇಡೀ ಮಾತು ಇಷ್ಟೇ: ಮೊದಲು ನೋಡಿ, ಆಮೇಲೆ ಕೇಳಿ.

ಈ ಎಲೆಗಳು ಈಜಿಪ್ಟಿನ ಪುರೋಹಿತರ ರಹಸ್ಯ ವಿದ್ಯೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದನ್ನು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾ ಎಂಬ ವಿದ್ವಾಂಸರು ಹರಿಯಬಿಟ್ಟರು. ಅದಕ್ಕೆ ಯಾವ ಪುರಾವೆಯೂ ಇಲ್ಲ. ಅದಕ್ಕಿಂತ 300 ವರ್ಷಗಳಿಗೂ ಹಿಂದೆ ಉತ್ತರ ಇಟಲಿಯ ಅರಮನೆಗಳಲ್ಲಿ ಇದು ಬರೀ ಇಸ್ಪೀಟಾಟವಾಗಿತ್ತು. 1442ರ ಫೆರಾರಾ ಆಸ್ಥಾನದ ಲೆಕ್ಕದ ಪುಸ್ತಕದಲ್ಲಿ ಈ ಎಲೆಗಳಿಗೆ ಕೊಟ್ಟ ಹಣದ ನಮೂದು ಇದೆ. ನಾಲ್ಕು ಬಣ್ಣಗಳ 56 ಎಲೆ, ಅವುಗಳ ಮೇಲೆ 22 ಚಿತ್ರದ ಎಲೆ. ಆ ಇಪ್ಪತ್ತೆರಡರಲ್ಲಿ ಹೆಚ್ಚಿನವು ನಾವಿಂದಿಗೂ ತುರುಪು ಎನ್ನುವ ಕೆಲಸವನ್ನೇ ಮಾಡುತ್ತಿದ್ದವು. ಮಿಲಾನಿನ ದೊರೆಗಳಿಗಾಗಿ 15ನೆಯ ಶತಮಾನದ ನಡುಭಾಗದಲ್ಲಿ ಚಿನ್ನದ ಹಾಳೆಯ ಮೇಲೆ ಬರೆದ ಒಂದು ಕಟ್ಟಿನಲ್ಲಿ 74 ಎಲೆಗಳು ಉಳಿದುಬಂದಿವೆ. ಅವುಗಳಲ್ಲಿ 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿವೆ, 26 ಬೆರ್ಗಾಮೋ ಪಟ್ಟಣದ ಅಕಾಡೆಮಿಯಾ ಕರ್ರಾರಾದಲ್ಲಿವೆ.

ಮಂಗಳೂರಿನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಗೋಡೆಗಳನ್ನೂ ಮಾಳಿಗೆಯನ್ನೂ ಚಿತ್ರಗಳಿಂದ ತುಂಬಿಸಿದ ಯೇಸುಸಭೆಯ ಬ್ರದರ್ ಅಂತೋನಿಯೋ ಮೊಸ್ಕೇನಿ ಹುಟ್ಟಿದ್ದು ಅದೇ ಬೆರ್ಗಾಮೋ ಸಮೀಪದ ಸ್ತೆಜ್ಜಾನೋದಲ್ಲಿ, ಚಿತ್ರಕಲೆ ಕಲಿತದ್ದು ಅದೇ ಅಕಾಡೆಮಿಯಾ ಕರ್ರಾರಾದಲ್ಲಿ. ಆ ಎಲೆಗಳೂ ನಮ್ಮ ಚಾಪೆಲಿನ ಚಿತ್ರಗಳೂ ಒಂದೇ ಸೀಮೆಯ ದೃಶ್ಯಭಾಷೆಯಿಂದ ಬಂದವು ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಕೊನೆಯ ತೀರ್ಪು ಎಂಬ ಎಲೆಯಲ್ಲಿ ದೇವದೂತನು ಕಹಳೆ ಊದುತ್ತಾನೆ, ಸತ್ತವರು ಎದ್ದು ಬರುತ್ತಾರೆ. ಮುಂದಿನ ಕಾಲದ ಕಟ್ಟುಗಳಲ್ಲಿ ಜಗತ್ತು ಎಂಬ ಎಲೆಯ ನಾಲ್ಕು ಮೂಲೆಗಳಲ್ಲಿ ಮನುಷ್ಯ, ಸಿಂಹ, ಹೋರಿ, ಹದ್ದುಗಳಿವೆ. ಅವು ನಾಲ್ವರು ಶುಭಸಂದೇಶಕಾರರ ಗುರುತುಗಳೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ನ್ಯಾಯ, ಸ್ಥೈರ್ಯ, ಮಿತ ಎಂಬ ಮೂರು ಸದ್ಗುಣಗಳಿಗೆ ಮೂರು ಎಲೆಗಳಿವೆ. ನಾಲ್ಕನೆಯ ಮೂಲ ಸದ್ಗುಣವಾದ ವಿವೇಕಕ್ಕೆ ಮಾತ್ರ ಆ ಹೆಸರಿನ ಎಲೆಯೇ ಇಲ್ಲ. ಏಕಿಲ್ಲ ಎಂಬುದರ ಬಗ್ಗೆ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ನನಗಂತೂ ಆ ಖಾಲಿ ಜಾಗವೇ ಇಡೀ ಕಟ್ಟಿನ ಅತ್ಯಂತ ಉಪಯುಕ್ತ ಸಂಗತಿಯಾಗಿ ಕಾಣುತ್ತದೆ. ಎಷ್ಟೇ ಎಲೆ ಹಾಸಿದರೂ ವಿವೇಕ ಅದರೊಳಗಿಂದ ಹೊರಬರುವುದಿಲ್ಲ. ನೋಡುವವರೇ ಅದನ್ನು ತರಬೇಕು.

ಇಂದು ಫೋನುಗಳಲ್ಲಿ ಕಾಣುವ ಚಿತ್ರಗಳಲ್ಲಿ ಬಹುಪಾಲು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಟ್ಟಿನವು, ಇಲ್ಲವೇ ಅದರ ಮಾದರಿಯವು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಅವರು ಕಥೋಲಿಕರಾಗಿ ಬೆಳೆದವರು. ಕೈ ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಬಟ್ಟಲು, ಕತ್ತಿ ಮುಂತಾದ ನಾಲ್ಕು ಬಣ್ಣಗಳ ಸಣ್ಣ ಎಲೆಗಳಲ್ಲಿ ಬರೀ ಆ ಗುರುತುಗಳನ್ನು ಎಣಿಸಿಟ್ಟು ಬಿಡದೆ ಪ್ರತಿಯೊಂದರಲ್ಲೂ ಒಂದು ದೃಶ್ಯವನ್ನು ತಂದವರು ಆಕೆ. ಇಷ್ಟು ದೊಡ್ಡ ಕೆಲಸಕ್ಕೆ ಸಿಕ್ಕ ಹಣ ತೀರಾ ಕಡಿಮೆ ಎಂದು ಆಕೆ ಸ್ನೇಹಿತರೊಬ್ಬರಿಗೆ ಪತ್ರ ಬರೆದರು. 1911ರಲ್ಲಿ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದರು, ಕಾರ್ನ್‌ವಾಲ್ ಕರಾವಳಿಯಲ್ಲಿ ಗುರುಗಳ ವಿಶ್ರಾಂತಿಗೆಂದು ಒಂದು ಮನೆಯನ್ನು ನಡೆಸಿದರು, 1951ರಲ್ಲಿ ಸಾಲ ಉಳಿಸಿಯೇ ತೀರಿಕೊಂಡರು. ಅವರ ಚಿತ್ರಗಳನ್ನು ಭೂತದ ಕೆಲಸ ಎನ್ನುವವರು ಆ ಹೆಣ್ಣುಮಗಳ ಆತ್ಮಕ್ಕಾಗಿ ಒಂದು ಜಪವನ್ನಾದರೂ ಹೇಳಿ ಆಮೇಲೆ ಮಾತನಾಡಲಿ ಎಂದು ನನಗೆ ಅನ್ನಿಸುತ್ತದೆ.

ನೋಡುವುದು ಎಂದರೇನು ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ನನ್ನ ಪರಿಚಯದ ಒಬ್ಬ ನರ್ಸ್, ಐರ್ಲೆಂಡಿಗೆ ಹೋಗುವ ಅವಕಾಶ ಕೈಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತೊಳಲಾಡುತ್ತಿದ್ದಳು. ಫೋನಿನಲ್ಲಿ ಎಲೆ ತೆಗೆದಾಗ ಎಂಟು ಬಟ್ಟಲುಗಳ ಎಲೆ ಬಂತಂತೆ. ಕೆಳಗೆ 'ಬಿಟ್ಟು ಹೊರಡಿ' ಎಂಬ ಒಕ್ಕಣೆ ಇತ್ತಂತೆ. 'ಅಂಕಲ್, ಹೊರಡಬೇಕು ಅಂತಲೇ ಬಂದಿದೆ, ಆದರೂ ಸಮಾಧಾನವಿಲ್ಲ' ಎಂದಳು. ಒಕ್ಕಣೆಯನ್ನು ಬೆರಳಿನಿಂದ ಮುಚ್ಚಿ ಚಿತ್ರವನ್ನು ಮಾತ್ರ ನೋಡು, ಕಂಡದ್ದನ್ನು ಹೇಳುತ್ತಾ ಹೋಗು ಎಂದೆ. ರಾತ್ರಿ, ಮೇಲೆ ಚಂದ್ರ. ಕೆಂಪು ಮೇಲಂಗಿಯವನೊಬ್ಬ ಬೆನ್ನು ಹಾಕಿ ಬೆಟ್ಟದ ಕಡೆ ನಡೆಯುತ್ತಿದ್ದಾನೆ. ಹಿಂದೆ ಕೆಳಸಾಲಿನಲ್ಲಿ ಐದು ಬಟ್ಟಲು, ಮೇಲ್ಸಾಲಿನಲ್ಲಿ ಮೂರು, ನಡುವೆ ಒಂದು ಬಟ್ಟಲಿನಷ್ಟು ತೆರವು. ಅಷ್ಟು ಹೇಳಿ ಅವಳು ಸುಮ್ಮನಾದಳು. ಬಹಳ ಹೊತ್ತಿನ ಮೇಲೆ, 'ಅವನ ಕೈಯಲ್ಲಿ ಕೋಲು ಬಿಟ್ಟರೆ ಏನೂ ಇಲ್ಲ. ನಾನು ಹೋಗುವುದು ಹೊತ್ತುಕೊಂಡು ತರಲಿಕ್ಕೆ, ಅವನು ಹೋಗುವುದು ಎಲ್ಲವನ್ನೂ ಇಟ್ಟು' ಎಂದಳು. ಅಲ್ಲಿಯವರೆಗೆ ಅವಳ ಬಾಯಲ್ಲಿ ಬರೀ ಸಂಬಳ, ಮನೆ ಸಾಲ, ತಂಗಿಯ ಮದುವೆಗಳಿದ್ದವು. ಆಮೇಲೆ ಮೊದಲ ಬಾರಿಗೆ, ಹಾಸಿಗೆ ಹಿಡಿದವರ ಶುಶ್ರೂಷೆಯನ್ನು ಚೆನ್ನಾಗಿ ಕಲಿಯಬೇಕೆಂಬ ಆಸೆ ತನಗೆ ಬಹಳ ಕಾಲದಿಂದ ಇದೆ, ಅದನ್ನು ಯಾರಿಗೂ ಹೇಳಿಲ್ಲ ಎಂದಳು. ಎಲೆ ಅವಳಿಗೆ ಏನನ್ನೂ ತಿಳಿಸಲಿಲ್ಲ. ಅವಳು ನೋಡಿದಳು, ನೋಡುವಾಗ ಒಳಗಿದ್ದದ್ದು ಮಾತಿಗೆ ಬಂತು. ಒಳಗಿನಿಂದ ಬಂದದ್ದೆಲ್ಲ ನಿಜವೇ ಎಂಬ ಪ್ರಶ್ನೆ ಹುಟ್ಟುವುದು ಈ ಹಂತದಲ್ಲಿ. ಟ್ಯಾರೋ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ, ಮನಸ್ಸು ಹೇಳಿದಂತೆ ನಡೆ ಎನ್ನುತ್ತವೆ. ಕ್ರೈಸ್ತ ಪರಂಪರೆಯ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರ ಕಥೆ ನಿಮಗೆಲ್ಲ ಗೊತ್ತು, ಆದರೂ ನಾನದನ್ನು ನಿಧಾನವಾಗಿ ಹೇಳುತ್ತೇನೆ; ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಾಗದ ಕಥೆ ಇದು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡು ಅವರ ಕಾಲು ಮುರಿಯಿತು. ಕೂಡಿಸಿದ ಮೂಳೆ ಮೊಣಕಾಲ ಕೆಳಗೆ ಉಬ್ಬಿ ನಿಂತಿತು. ಆಸ್ಥಾನದ ತರುಣ, ಬಿಗಿಯಾದ ಅಂದದ ಬೂಟು ಹಾಕಲಾಗದಲ್ಲ ಎಂದು ಆ ಉಬ್ಬನ್ನು ಗರಗಸದಿಂದ ಕೊಯ್ಯಿಸಿಕೊಂಡರು, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ. ನೀವು ನಗುತ್ತಿದ್ದೀರಿ, ನಗಬೇಕಾದದ್ದೇ. ಸಂತರಾಗುವ ಮುನ್ನ ಅವರು ಬೂಟಿಗಾಗಿ ಪಟ್ಟ ಪಾಡು ಅಂಥದ್ದು. ಹುಟ್ಟೂರಾದ ಲೊಯೋಲದ ಮನೆಯಲ್ಲಿ ಮಲಗಿದ್ದಾಗ ವೀರರ ಪ್ರಣಯಕಥೆಗಳನ್ನು ಕೇಳಿದರು. ಮನೆಯಲ್ಲಿ ಅವು ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಕಥೆಗಳು. ಹೀಗೆ ಎರಡು ಬಗೆಯ ಹಗಲುಗನಸು ಶುರುವಾಯಿತು. ಒಂದು, ತಾನು ಮೆಚ್ಚಿದ ಒಬ್ಬ ಶ್ರೀಮಂತ ಮಹಿಳೆಯ ಎದುರು ಮಾಡುವ ಸಾಹಸಗಳದು. ಅದರಲ್ಲಿ ಗಂಟೆಗಟ್ಟಲೆ ಮೈಮರೆಯುತ್ತಿದ್ದರು. ಇನ್ನೊಂದು, ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ತಾನೂ ಬಾಳಿದರೆ ಹೇಗೆ ಎಂಬುದು. ಕನಸಿನಲ್ಲಿ ಮುಳುಗಿರುವಷ್ಟು ಹೊತ್ತು ಎರಡರಲ್ಲೂ ಸಂತೋಷವಿತ್ತು. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ನಂತರವೂ ಉಲ್ಲಾಸ ಉಳಿಯುತ್ತಿತ್ತು. ಈ ವ್ಯತ್ಯಾಸ ಬಹುಕಾಲ ಅವರ ಗಮನಕ್ಕೇ ಬರಲಿಲ್ಲ. ಒಂದು ದಿನ ಕಣ್ಣು ಸ್ವಲ್ಪ ತೆರೆಯಿತು ಎಂದು, ಮುಪ್ಪಿನಲ್ಲಿ ತಮ್ಮ ಕಥೆಯನ್ನು ಹೇಳಿ ಬರೆಸುವಾಗ ಅವರು ನೆನೆದಿದ್ದಾರೆ.

ಅಂತಃಪ್ರಜ್ಞೆಯನ್ನು ನಂಬಲು ಕಲಿಯುವುದರ ಮೊದಲ ಪಾಠ ಆ ಹಾಸಿಗೆಯ ಮೇಲೆ ನಡೆಯಿತು ಎಂದು ನಾನು ತಿಳಿಯುತ್ತೇನೆ. ಒಳಗೆ ಎದ್ದ ಭಾವ ಎಷ್ಟು ತೀವ್ರವಾಗಿದೆ ಎಂಬುದು ಅದರ ಸತ್ಯಕ್ಕೆ ಪ್ರಮಾಣವಲ್ಲ. ಅದು ಇಳಿದ ಮೇಲೆ ಏನು ಉಳಿಯುತ್ತದೆ ಎಂಬುದೇ ಪ್ರಮಾಣ. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ತಮ್ಮ ಗ್ರಂಥದ ನಿಯಮಗಳಲ್ಲಿ ಇಗ್ನೇಷಿಯಸರು ಇದನ್ನೇ ಹರಡಿ ಹೇಳಿದರು. ಒಳಿತಿನತ್ತ ನಡೆಯುತ್ತಿರುವವರನ್ನು ಒಳ್ಳೆಯ ಪ್ರೇರಣೆ ಮುಟ್ಟುವಾಗ ನೀರಿನ ಹನಿ ಸ್ಪಂಜಿನೊಳಗೆ ಇಳಿದಂತೆ ಸದ್ದಿಲ್ಲದೆ ಇಳಿಯುತ್ತದೆ, ಕೆಟ್ಟದ್ದು ಕಲ್ಲಿನ ಮೇಲೆ ಬಿದ್ದಂತೆ ಸಿಡಿಯುತ್ತದೆ ಎಂಬುದು ಅವರದೇ ಹೋಲಿಕೆ. ಮನಸ್ಸು ಕುಗ್ಗಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡಿ ಎಂಬುದು ಇನ್ನೊಂದು ನಿಯಮ. ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟು ಎಲೆ ತೆಗೆಯುವವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ.

ಆ ಹುಡುಗಿಗೂ ಇದನ್ನೇ ಹೇಳಿದೆ. ಕೆಲವು ದಿನ, ಹೋಗುವುದೆಂದು ತೀರ್ಮಾನಿಸಿಯಾಗಿದೆ ಎಂಬ ಭಾವದಲ್ಲೇ ಎದ್ದು, ಉಂಡು, ಪ್ರಾರ್ಥಿಸಿ, ಡ್ಯೂಟಿಗೆ ಹೋಗು. ಸಂಜೆ ಮನಸ್ಸಿನಲ್ಲಿ ಉಳಿದದ್ದನ್ನು ಬರೆದಿಡು. ಮತ್ತೆ ಅಷ್ಟೇ ದಿನ, ಇಲ್ಲೇ ಉಳಿಯುವುದೆಂದು ತೀರ್ಮಾನಿಸಿದಂತೆ ಇರು. ಅವಳು ಬರೆದಳು, ಬರೆದದ್ದನ್ನು ತನ್ನ ತಾಯಿಗೂ ಓದಿ ಹೇಳಿದಳು. ಕೊನೆಗೆ ಹೋದಳು. ಉಳಿದಿದ್ದರೂ ನಾನು ಈ ಪ್ರಸಂಗವನ್ನು ಇಷ್ಟೇ ಸಂತೋಷದಿಂದ ಹೇಳುತ್ತಿದ್ದೆ, ಏಕೆಂದರೆ ಇಲ್ಲಿ ಮುಖ್ಯವಾದದ್ದು ವಿಮಾನವಲ್ಲ. ಅವಳು ಕೇಳುವ ಮೊದಲು ನೋಡಲು ಕಲಿತಳು ಎಂಬುದು.

ಚೀಟು ಹಾಕುವುದು ಬೈಬಲಿನಲ್ಲೇ ಇದೆಯಲ್ಲ, ಎಲೆ ತೆಗೆಯುವುದೂ ಹಾಗೆಯೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಇದೆ. ಯೇಸುವಿಗೆ ದ್ರೋಹ ಬಗೆದ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟು ಹಾಕಿಯೇ. ಆದರೆ ಅದು ನಡೆದದ್ದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ; ಎರಡನೆಯ ಅಧ್ಯಾಯದಲ್ಲಿ ಪವಿತ್ರಾತ್ಮರು ಇಳಿದು ಬಂದರು. ಆಮೇಲೆ ಹೊಸ ಒಡಂಬಡಿಕೆಯಲ್ಲಿ ನಾಯಕರನ್ನು ಆರಿಸಲು ಯಾರೂ ಚೀಟು ಹಾಕಿದ್ದಿಲ್ಲ. 15ನೆಯ ಅಧ್ಯಾಯದ ಜೆರುಸಲೇಮ್ ಸಭೆಯು ತನ್ನ ತೀರ್ಮಾನವನ್ನು ತಿಳಿಸುವಾಗ, ಪವಿತ್ರಾತ್ಮರಿಗೂ ತಮಗೂ ಹೀಗೆ ಸರಿಕಂಡಿತು ಎಂದು ಬರೆಯುತ್ತದೆ. ದೀರ್ಘ ಚರ್ಚೆಯ ನಂತರ, ಭಿನ್ನಾಭಿಪ್ರಾಯಗಳ ನಂತರ, ಜೊತೆಯಾಗಿ ಕಂಡುಕೊಂಡ ಒಳಅರಿವು ಅದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಲೆಂಟಿನ್ ಟೋಂಬರ್ಗ್ ಅವರ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ. 1900ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಮುಂದೆ ಕಥೋಲಿಕರಾದ ಇವರು, ಆ 22 ಎಲೆಗಳ ಮೇಲೆ 22 ಪತ್ರಗಳ ರೂಪದಲ್ಲಿ, ತಮ್ಮ ಹೆಸರನ್ನೇ ಹಾಕದೆ, ಒಂದು ದೊಡ್ಡ ಕ್ರೈಸ್ತ ಧ್ಯಾನಗ್ರಂಥವನ್ನು ಬರೆದರು. ದೇವತಾಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ಟಾಸರ್ ಅದಕ್ಕೆ ಮುನ್ನುಡಿ ಬರೆದಿದ್ದಾರೆ. ಮೊದಲ ಎಲೆಯಿಂದ ಟೋಂಬರ್ಗ್ ಕಲಿಯುವುದು ಶ್ರಮವಿಲ್ಲದ ಏಕಾಗ್ರತೆಯನ್ನು. ಅಷ್ಟನ್ನೇ ಇಂದು ಹೇಳಲು ಸಾಧ್ಯ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿಗಳು ದಾಟಿದ ಮೇಲೆ ಪ್ರವಾದಿ ಎಲೀಯನು ಕೇಳಿದ ದೇವರ ಮೆಲುದನಿಯನ್ನೂ ಮುಂದಿನ ಸಲಕ್ಕೆ ಬಿಡುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಲಾರೆ. ಗುಟ್ಟಾಗಿಡು ಎನ್ನುವ ಪ್ರೇರಣೆಯನ್ನು ಇಗ್ನೇಷಿಯಸರು ಬಹಳ ಸಂಶಯದಿಂದ ಕಾಣುತ್ತಾರೆ. ಪಾಪನಿವೇದನೆಯ ಗುರುವಿಗೋ ಅನುಭವಿಯೊಬ್ಬರಿಗೋ ಅದನ್ನು ಬಿಚ್ಚಿ ಹೇಳಿ ಎನ್ನುತ್ತಾರೆ. ಫೋನಿನಲ್ಲಿ ಒಬ್ಬರೇ ಎಲೆ ತೆಗೆಯುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಫೋನ್ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು, ಆ ಚಿತ್ರದಲ್ಲಿ ಏನು ಕಾಣುತ್ತಿದೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಕಾಯಿರಿ. ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆ. ಎರಡನೆಯ ಸಾಲಿನಲ್ಲಿ ಸಿಸ್ಟರ್ ಒಬ್ಬರು ಆಗಲೇ ಕೈ ಎತ್ತಿದ್ದಾರೆ.